ಗಿಟಾರಿನ ಗುಂಯ್ ಸದ್ದು ಮತ್ತು ಮೂರನೆಯ ಪಿನ್ನು

(ಪಾಂಡವಪುರದಲ್ಲಿ ಆರ್ಕೆಸ್ಟ್ರಾ ಕಲಾವಿದರು ಹಾಗೂ ಎಲೆಕ್ಟ್ರಿಕಲ್ ಕೆಲಸ ಕಲಿಯುತ್ತಿರುವ ಯುವಕರ ಮುಂದೆ ಆಡಿದ ಮಾತುಗಳ ಬರಹರೂಪ)



ನಾನು ಸಂಗೀತಗಾರನಲ್ಲ, ಎಂಜಿನಿಯರೂ ಅಲ್ಲ. ಪತ್ರಿಕೆಯ ವರದಿಗಾರ. ಗಣಪತಿ ಉತ್ಸವ, ಊರಹಬ್ಬ, ರಾಜ್ಯೋತ್ಸವ ಎಂದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳನ್ನು ಸುತ್ತುವುದು ನನ್ನ ಕೆಲಸದ ಒಂದು ಭಾಗ. ಹಾಗೆ ಸುತ್ತುವಾಗ ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಕಂಡದ್ದರಿಂದ ಈ ಮಾತನ್ನು ಆರಂಭಿಸುತ್ತೇನೆ.

ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನಡೆಯುತ್ತಿತ್ತು. ಸಂಜೆ ಬಿದ್ದ ಮಳೆಗೆ ನೆಲ ಒದ್ದೆಯಾಗಿತ್ತು. ಗಿಟಾರ್ ನುಡಿಸುತ್ತಿದ್ದ ಹುಡುಗ ಕೋರಸ್ ಹಾಡಲು ಮೈಕಿನ ಹತ್ತಿರ ಬಾಯಿ ತಂದ. ತುಟಿ ಮೈಕಿಗೆ ತಗುಲಿದ್ದೇ ತಡ, ಯಾರೋ ಹಿಂದಕ್ಕೆ ಎಳೆದಂತೆ ಎರಡು ಹೆಜ್ಜೆ ಹಾರಿದ. ಜನ ನಕ್ಕರು, ಅವನೂ ನಕ್ಕ. ಆ ರಾತ್ರಿ ಅವನು ಮತ್ತೆ ಮೈಕಿನ ಹತ್ತಿರ ಹೋಗಲಿಲ್ಲ.

ಆಮೇಲೆ ವಿಚಾರಿಸಿದೆ. ಅವನ ಗಿಟಾರಿನಲ್ಲಿ ಸದಾ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಪಿಕಪ್ ಕೆಟ್ಟಿದೆ ಎಂದುಕೊಂಡು ಹೊಸದಕ್ಕೆ ದುಡ್ಡು ಕೂಡಿಡುತ್ತಿದ್ದ. ಅಷ್ಟರಲ್ಲಿ ತಿಳಿದವರೆನಿಸಿಕೊಂಡವರೊಬ್ಬರು ಆಂಪ್ಲಿಫೈಯರಿನ ಪ್ಲಗ್ಗಿನಿಂದ ಅರ್ತ್ ಪಿನ್ನನ್ನು ಕಿತ್ತುಕೊಟ್ಟಿದ್ದರು. ಸದ್ದು ಸ್ವಲ್ಪ ತಗ್ಗಿತ್ತು ನಿಜ. ಆದರೆ ಜೀವಕ್ಕೆ ಇದ್ದ ಕಾವಲೂ ಅದರ ಜೊತೆಗೇ ಹೋಗಿತ್ತು.

ಇಂದಿನ ನನ್ನ ವಿಷಯ ಎರಡು: ಗಿಟಾರಿನ ಪಿಕಪ್ ಮತ್ತು ವೈರಿಂಗ್ ಬದಲಿಸುವುದು ಹೇಗೆ, ಹಾಗೂ ಆ ಮೂರನೆಯ ಪಿನ್ನನ್ನು ಏಕೆ ಮುಟ್ಟಬಾರದು.

ಎಲೆಕ್ಟ್ರಿಕ್ ಗಿಟಾರ್ ನಮಗೆ ಬಂದ ದಾರಿಯನ್ನು ಮೊದಲು ಚುಟುಕಾಗಿ ನೋಡೋಣ. ಅಮೆರಿಕದ ಜಾರ್ಜ್ ಬೋಶಾಂ 1931ರಲ್ಲಿ ಅಯಸ್ಕಾಂತ ಮತ್ತು ತಂತಿಸುರುಳಿಯ ಪಿಕಪ್ಪನ್ನು ರೂಪಿಸಿದರು. ಮರುವರ್ಷ ಅದು ಪೇಟೆಗೆ ಬಂತು. 1937ರಲ್ಲಿ ಪೇಟೆಂಟ್ ದೊರೆಯಿತು. ಆ ಮೊದಲ ವಾದ್ಯ ತೊಡೆಯ ಮೇಲೆ ಮಲಗಿಸಿ, ಲೋಹದ ತುಂಡನ್ನು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರ್. ಗೋಟುವಾದ್ಯ ಕಂಡವರಿಗೆ ಈ ಕ್ರಮ ಹೊಸದಲ್ಲ. ನಮ್ಮಲ್ಲಿ ಗಿಟಾರನ್ನು ಮನೆಮನೆಗೆ ತಲುಪಿಸಿದ್ದು ಸಿನಿಮಾ. ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಇಳಯರಾಜ ಗಿಟಾರ್ ನುಡಿಸಿ, ಸಹಾಯಕರಾಗಿ ದುಡಿದವರು. ಮೈಸೂರಿನ ರಾಜನ್–ನಾಗೇಂದ್ರ ಸೋದರರ ಹಾಡುಗಳಲ್ಲಿ, ಇಳಯರಾಜರೇ ಸಂಗೀತ ನೀಡಿದ 1981ರ ‘ಗೀತಾ’ದಲ್ಲಿ, ಹಂಸಲೇಖರ 1987ರ ‘ಪ್ರೇಮಲೋಕ’ದಲ್ಲಿ ಕೇಳಿದ ನಾದವನ್ನೇ ಊರ ಆರ್ಕೆಸ್ಟ್ರಾಗಳು ಪೆಂಡಾಲಿಗೆ ತಂದವು. ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನು ವೇದಿಕೆಯಲ್ಲಿ ಹಾಡುವಾಗಲೂ ಪಕ್ಕದಲ್ಲಿ ಗಿಟಾರ್ ಇರುವುದುಂಟು.

ಇನ್ನು ಪಿಕಪ್. ಅದು ಮೈಕ್ ಅಲ್ಲ; ಗಾಳಿಯಲ್ಲಿ ಬರುವ ಶಬ್ದವನ್ನು ಅದು ಹಿಡಿಯುವುದಿಲ್ಲ. ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಪೂರವಾದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು, ಇಷ್ಟೇ ಅದರ ಒಳಗಿರುವುದು. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರ ಅಲುಗುತ್ತದೆ. ಆ ಅಲುಗಾಟಕ್ಕೆ ಸುರುಳಿಯಲ್ಲಿ ಅಲ್ಪ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡ ತತ್ವ ಇದೇ. ಶಿವನಸಮುದ್ರದ ಜನರೇಟರ್ ತಿರುಗುವುದೂ ಇದೇ ತತ್ವದ ಮೇಲೆ. ಅಯಸ್ಕಾಂತಕ್ಕೆ ಹಿತ್ತಾಳೆ ಅಂಟದು ಎಂಬುದನ್ನು ನಾಗಮಂಗಲದ ಲೋಹದ ಕೆಲಸದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ದರಿಂದಲೇ ಹಿತ್ತಾಳೆ ತಂತಿಗಳೂ ಇರುವ ವೀಣೆಗೆ ಸಾಮಾನ್ಯವಾಗಿ ಮೈಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಬಳಸುತ್ತಾರೆ.

ಗುಂಯ್ ಸದ್ದು ಬರುವುದು ಎಲ್ಲಿಂದ? ನಮ್ಮ ಮನೆಗಳ ವಿದ್ಯುತ್ ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ. ಪೆಂಡಾಲಿನ ಸೀರಿಯಲ್ ದೀಪ, ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟಿನ ಚೋಕ್ ಇವೆಲ್ಲ ಆ ಏರಿಳಿತವನ್ನು ಸುತ್ತ ಚೆಲ್ಲುತ್ತವೆ. ಸುರುಳಿಗೆ ಹಾಡು ಯಾವುದು, ಗದ್ದಲ ಯಾವುದು ಎಂಬ ಭೇದವಿಲ್ಲ. ಎರಡನ್ನೂ ಹಿಡಿದುಕೊಡುತ್ತದೆ. ಇದಕ್ಕೆ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಒಂದು ಉಪಾಯ ಹೂಡಿದರು. ಒಂದು ಸುರುಳಿಯ ಬದಲು ಅಕ್ಕಪಕ್ಕ ಎರಡು. ಎರಡರ ಸುತ್ತುವ ದಿಕ್ಕೂ ಬೇರೆ, ಅಯಸ್ಕಾಂತದ ಧ್ರುವವೂ ಬೇರೆ. ಹೊರಗಿನ ಗದ್ದಲ ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿದು ಅಳಿಸಿಹೋಗುತ್ತದೆ. ತಂತಿಯ ನಾದ ಮಾತ್ರ ಎರಡರಲ್ಲೂ ಕೂಡಿಕೊಳ್ಳುತ್ತದೆ. ಇದೇ ಹಂಬಕರ್. ಒಂಟಿ ಸುರುಳಿಯ ನಾದ ಚುರುಕು, ತೆಳು, ಹಂಬಕರಿನದು ದಪ್ಪ. ಯಾವುದು ಬೇಕೆಂಬುದು ನಿಮ್ಮ ಕಿವಿಗೆ ಬಿಟ್ಟದ್ದು.

ಪಿಕಪ್ಪಿನಿಂದ ಹೊರಟ ವಿದ್ಯುತ್ತಿನ ದಾರಿಯನ್ನು ನಮ್ಮ ಕಡೆಯವರು ನಾಲೆಯ ಲೆಕ್ಕದಲ್ಲಿ ಅರ್ಥ ಮಾಡಿಕೊಳ್ಳಬಹುದು. ಪಿಕಪ್ ಕೆರೆಯಾದರೆ ವಾಲ್ಯೂಮ್ ಕಂಟ್ರೋಲ್ ತೂಬು. ಎಷ್ಟು ಬಿಡಬೇಕೋ ಅಷ್ಟು ಬಿಡುತ್ತದೆ. ಟೋನ್ ಕಂಟ್ರೋಲ್ ಕೋಡಿಯ ಹಾಗೆ. ಅದಕ್ಕೆ ಬೆಸೆದ ಕೆಪಾಸಿಟರ್ ತಾರಸ್ವರದ ಅಂಶವನ್ನಷ್ಟೇ ಅರ್ತ್‌ಗೆ ಹರಿಸಿಬಿಡುತ್ತದೆ, ಉಳಿದದ್ದು ಮುಂದೆ ಹೋಗುತ್ತದೆ. ಒಂಟಿ ಸುರುಳಿಗೆ ಸಾಮಾನ್ಯವಾಗಿ 250 ಕಿಲೋ ಓಮ್ ಪಾಟ್, ಹಂಬಕರಿಗೆ 500 ಕಿಲೋ ಓಮ್. ಕೆಪಾಸಿಟರ್ 0.022 ಅಥವಾ 0.047 ಮೈಕ್ರೋಫ್ಯಾರಡ್. ಪಿಕಪ್ಪನ್ನು ಹಂಬಕರಿಗೆ ಬದಲಿಸಿ ಹಳೆಯ 250ರ ಪಾಟನ್ನೇ ಉಳಿಸಿದರೆ ನಾದ ಮಂಕಾಗುತ್ತದೆ. ‘ಹೊಸ ಪಿಕಪ್ ಸರಿಯಿಲ್ಲ’ ಎಂಬ ದೂರು ಹುಟ್ಟುವುದು ಎಷ್ಟೋ ಸಲ ಇಲ್ಲಿ.

ಆದರೆ ಬದಲಿಸುವ ಮೊದಲು ದೋಷ ಎಲ್ಲಿದೆ ಎಂದು ಹುಡುಕಿ. ಗಿಟಾರಿಗೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್ಲಿನ ಇನ್ನೊಂದು ತುದಿಯ ಜಾಕಿಗೆ ಮಲ್ಟಿಮೀಟರ್ ಹಿಡಿಯಿರಿ. ಒಂಟಿ ಸುರುಳಿಯಾದರೆ ಸುಮಾರು 5ರಿಂದ 8 ಕಿಲೋ ಓಮ್ ತೋರಬೇಕು. ಹಂಬಕರಿಗೆ ಇದಕ್ಕಿಂತ ಹೆಚ್ಚಿರಬಹುದು. ಒಂದೊಂದು ಪಿಕಪ್ಪನ್ನೂ ಸ್ವಿಚ್ ತಿರುಗಿಸಿ ನೋಡಿ. ಅಷ್ಟು ತೋರಿದರೆ ಸುರುಳಿ ಬದುಕಿದೆ ಎಂದರ್ಥ. ಕರಕರ ಸದ್ದಾದರೆ ಪಾಟಿನಲ್ಲಿ ಧೂಳು. ಸದ್ದು ಬಂದು ಬಂದು ಹೋದರೆ ಜಾಕ್ ಸಡಿಲ ಅಥವಾ ಬೆಸುಗೆ ಒಣಗಿದೆ. ತಂತಿಗಳನ್ನು ಕೈಯಿಂದ ಮುಟ್ಟಿದಾಗ ಗುಂಯ್ ಇಳಿದರೆ ತಂತಿಯ ಅರ್ತ್ ಸರಿಯಿದೆ, ಒಳಗಿನ ಮುಚ್ಚಿಗೆ ಸಾಲದು. ಮುಟ್ಟಿದಾಗ ಏರಿದರೆ ಬ್ರಿಡ್ಜಿಗೆ ಹೋಗುವ ಅರ್ತ್ ತಂತಿ ಕಡಿದಿದೆ. ಇವು ಯಾವುದಕ್ಕೂ ಹೊಸ ಪಿಕಪ್ ಬೇಕಿಲ್ಲ.

ಬದಲಿಸಲೇಬೇಕಾದರೆ ಕ್ರಮ ಹೀಗೆ. ತಂತಿಗಳನ್ನು ಸಡಿಲಿಸಿ, ಫಲಕ ಬಿಚ್ಚಿ. ಒಂದು ತಂತಿಯನ್ನೂ ಕೀಳುವ ಮೊದಲು ಯಾವ ಬಣ್ಣದ್ದು ಎಲ್ಲಿಗೆ ಹೋಗಿದೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ, ಫೋಟೊ ತೆಗೆದುಕೊಳ್ಳಿ. ಒಳಗಿನ ಗುಂಡಿಗೆ ತಾಮ್ರದ ಹಾಳೆ ಅಂಟಿಸಿ, ಅದನ್ನು ಅರ್ತ್‌ಗೆ ಬೆಸೆಯಿರಿ. ಅರ್ಧ ಗದ್ದಲ ಇದರಿಂದಲೇ ತಗ್ಗಬಹುದು. 40 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಕಾಯಿಸಬೇಕಾದ್ದು ಸೀಸವನ್ನಲ್ಲ, ಜೋಡಣೆಯ ಜಾಗವನ್ನು. ಅದು ಕಾದಾಗ ಸೀಸ ತಾನೇ ಕರಗಿ ಹರಡಿ ಮಿರುಗುತ್ತದೆ. ಮಂಕಾಗಿ ಗುಂಡಗೆ ನಿಂತರೆ ಅದು ಹಸಿ ಬೆಸುಗೆ, ಇಂದಲ್ಲ ನಾಳೆ ಬಿಡುತ್ತದೆ. ಎರಡು ಪಿಕಪ್ ಒಟ್ಟಿಗೆ ಹಾಕಿದಾಗ ನಾದ ತೆಳುವಾಗಿ ಮೂಗಿನಿಂದ ಬಂದಂತೆ ಕೇಳಿದರೆ ಒಂದರ ತುದಿಗಳು ಅದಲುಬದಲಾಗಿವೆ. ಕೊನೆಗೆ ಪಿಕಪ್ಪಿನ ಎತ್ತರ: ತಂತಿಗೆ ಎರಡು ಮೂರು ಮಿಲಿಮೀಟರ್ ಕೆಳಗಿರಲಿ. ತೀರಾ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನು ಎಳೆದು ಶ್ರುತಿಯೇ ಕೆಡುತ್ತದೆ.

ಈಗ ಮೂರನೆಯ ಪಿನ್ನು. ಬ್ರಿಡ್ಜಿನ ಅರ್ತ್ ತಂತಿಯಿಂದಾಗಿ ನಿಮ್ಮ ಬೆರಳು ಗಿಟಾರಿನ ತಂತಿಗೆ, ಅದು ಕೇಬಲ್ಲಿಗೆ, ಕೇಬಲ್ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸೇರಿದೆ. ನುಡಿಸುವವನು ಆಂಪ್ಲಿಫೈಯರನ್ನು ಕೈಯಲ್ಲಿ ಹಿಡಿದುಕೊಂಡ ಹಾಗೆಯೇ ಇದು. ಒಳಗೆ ಎಲ್ಲೋ ಇನ್ಸುಲೇಷನ್ ಕೆಟ್ಟು 230 ವೋಲ್ಟ್ ಚೌಕಟ್ಟಿಗೆ ತಗುಲಿದರೆ, ಅರ್ತ್ ಪಿನ್ ಇದ್ದಾಗ ವಿದ್ಯುತ್ ನೆಲಕ್ಕೆ ಹರಿದು ಫ್ಯೂಸ್ ಹೋಗುತ್ತದೆ. ಪಿನ್ ಇಲ್ಲದಿದ್ದರೆ ಅದು ನಿಮಗಾಗಿ ಕಾಯುತ್ತದೆ. ಅರ್ತ್ ಆಗಿರುವ ಮೈಕಿಗೆ ತುಟಿ ತಗುಲಿದ ಕ್ಷಣ ನಿಮ್ಮ ಎದೆಯ ಮೂಲಕ ದಾರಿ ಪೂರ್ಣವಾಗುತ್ತದೆ. ಮೈಕಿನ ಕಡೆ ಅರ್ತ್ ಇಲ್ಲದೆ ಅಲ್ಲಿ ವಿದ್ಯುತ್ ಸೋರಿದರೂ ಅಪಾಯ ಅಷ್ಟೇ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ಅರ್ತ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಸತ್ತರು. 1976ರ ಮೇನಲ್ಲಿ ಕೀತ್ ರೆಲ್ಫ್ ಎಂಬ ಗಾಯಕ, ಅರ್ತ್ ಸರಿಯಿಲ್ಲದ ಗಿಟಾರ್ ನುಡಿಸುವಾಗ ಮನೆಯಲ್ಲೇ ತೀರಿಕೊಂಡರು. ಅವರಿಬ್ಬರದೂ ಹೆಸರಾದ ತಂಡಗಳು. ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟ್ ಎಳೆದ ಒದ್ದೆ ನೆಲದ ಪೆಂಡಾಲಿನ ಮಾತು ಬೇರೆ ಹೇಳಬೇಕೆ?

ಪಿನ್ ಕಿತ್ತರೆ ಗುಂಯ್ ತಗ್ಗುವುದಕ್ಕೂ ಕಾರಣವಿದೆ. ಗಿಟಾರಿನ ಆಂಪ್ಲಿಫೈಯರ್ ಒಂದು ಕಡೆಯಿಂದ, ಮೈಕ್‌ಸೆಟ್ ಇನ್ನೊಂದು ಕಡೆಯಿಂದ ಕರೆಂಟ್ ಪಡೆದು, ಎರಡನ್ನೂ ಕೇಬಲ್‌ನಿಂದ ಜೋಡಿಸಿದರೆ ಅರ್ತ್ ತಂತಿಗಳದ್ದೇ ಒಂದು ದೊಡ್ಡ ಬಳೆಯಾಗಿ ಗದ್ದಲ ಹಿಡಿಯುತ್ತದೆ. ಇದಕ್ಕೆ ಮದ್ದು ಪಿನ್ ಕೀಳುವುದಲ್ಲ; ಎಲ್ಲವನ್ನೂ ಅರ್ತ್ ಇರುವ ಒಂದೇ ಬೋರ್ಡಿಗೆ ಹಾಕುವುದು. ಆ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ವಿದ್ಯುತ್ ಮೈಮೇಲೆ ಹರಿಯತೊಡಗಿದ ಕ್ಷಣಾರ್ಧದಲ್ಲಿ ಅದು ಸಂಪರ್ಕ ಕಡಿಯುತ್ತದೆ.

ಆ ಹುಡುಗನ ಗಿಟಾರನ್ನು ಆಮೇಲೆ ಬಿಚ್ಚಿ ನೋಡಿದಾಗ ನಾನೂ ಪಕ್ಕದಲ್ಲಿದ್ದೆ. ಪಿಕಪ್ಪುಗಳು ಮೂರೂ ಚೆನ್ನಾಗಿದ್ದವು. ತಾಮ್ರದ ಹಾಳೆ, ಒಂದು ಹೊಸ ಪಾಟ್, ನಾಲ್ಕು ಬೆಸುಗೆ, ಆಂಪ್ಲಿಫೈಯರಿಗೆ ಮೂರು ಪಿನ್ನಿನ ಪ್ಲಗ್, ಇಷ್ಟರಲ್ಲಿ ಕೆಲಸ ಮುಗಿಯಿತು. ಸ್ವಲ್ಪ ಗುಂಯ್ ಇನ್ನೂ ಇದೆ. ಒಂಟಿ ಸುರುಳಿಯ ಸ್ವಭಾವ ಅದು. ಕೂಡಿಟ್ಟ ದುಡ್ಡಿನಲ್ಲಿ ಮುಂದೆ ಹಂಬಕರ್ ಹಾಕಿಸುತ್ತೇನೆ ಎಂದಿದ್ದಾನೆ.

ನಮ್ಮ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ನೂರಿಪ್ಪತ್ತು ವರ್ಷಗಳಿಂದ ಕರೆಂಟನ್ನು ಬಲ್ಲ ಜಿಲ್ಲೆ ನಮ್ಮದು. ಇಲ್ಲಿ ಎಲೆಕ್ಟ್ರಿಕಲ್ ಕೆಲಸ ಕಲಿಯುತ್ತಿರುವವರಿಗೆ ಒಂದು ಕೋರಿಕೆ: ಮುಂದಿನ ಹಬ್ಬದಲ್ಲಿ ನಿಮ್ಮ ಊರಿನ ಪೆಂಡಾಲಿಗೆ ಮಲ್ಟಿಮೀಟರ್ ಒಯ್ಯಿರಿ. ಅದನ್ನು ಎ.ಸಿ. ವೋಲ್ಟೇಜಿಗೆ ಇಟ್ಟು ಒಂದು ಕಡ್ಡಿಯನ್ನು ಗಿಟಾರಿನ ತಂತಿಗೆ, ಇನ್ನೊಂದನ್ನು ಮೈಕಿನ ಜಾಲರಿಗೆ ಮುಟ್ಟಿಸಿ. ಒಂದೆರಡು ವೋಲ್ಟಿಗಿಂತ ಹೆಚ್ಚು ತೋರಿದರೆ ಕಾರಣ ಸಿಗುವವರೆಗೆ ಕಾರ್ಯಕ್ರಮ ಆರಂಭಿಸಲು ಬಿಡಬೇಡಿ. ಎರಡು ನಿಮಿಷದ ಕೆಲಸ. ಕಲಾವಿದರು ಶ್ರುತಿ ಮಾಡಿಕೊಳ್ಳುವಷ್ಟರಲ್ಲಿ ಮುಗಿಯುತ್ತದೆ.