ಬ್ಲೂಟೂತ್ ಅಡಾಪ್ಟರ್: ಎಷ್ಟು ದೂರದವರೆಗೆ?



ಮನೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಬ್ಲೂಟೂತ್ ಇಲ್ಲ. ಅದರಲ್ಲಿ ಬರುವ ಪಾಠವನ್ನು ಪಕ್ಕದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕೆಂದು ನಿಮಗೆ ಆಸೆ. ಅಂಗಡಿಯಲ್ಲಿ ಉಗುರಿನಷ್ಟು ಗಾತ್ರದ ಅಡಾಪ್ಟರ್ ಒಂದಿದೆ. ಆಂಟೆನಾ ಇರುವ, ಬೆಲೆ ಹೆಚ್ಚಿನ ಇನ್ನೊಂದೂ ಇದೆ. ಅದರ ಮೇಲೆ ‘100 ಮೀಟರ್’ ಎಂದು ಬರೆದಿದೆ. ಕೂಡಿಟ್ಟ ಹಣವನ್ನು ಯಾವುದಕ್ಕೆ ಕೊಡಬೇಕು?

ಬ್ಲೂಟೂತ್ ಎಂದರೆ ಸುಮಾರು 2.4 ಗಿಗಾಹರ್ಟ್ಸ್ ಆವರ್ತಾಂಕದ ರೇಡಿಯೋ ಅಲೆ. ಈ ಉಪಕರಣಗಳನ್ನು ಪ್ರಸಾರ ಶಕ್ತಿಗೆ ಅನುಸಾರವಾಗಿ ಮೂರು ವರ್ಗಗಳಾಗಿ ವಿಂಗಡಿಸಿದ್ದಾರೆ. ಗರಿಷ್ಠ ಶಕ್ತಿ ಒಂದನೆಯ ವರ್ಗಕ್ಕೆ 100 ಮಿಲಿವ್ಯಾಟ್, ಎರಡನೆಯದಕ್ಕೆ 2.5, ಮೂರನೆಯದಕ್ಕೆ 1. ಇವುಗಳಿಗೆ ವಾಡಿಕೆಯಲ್ಲಿ ಹೇಳುವ ದೂರ ಕ್ರಮವಾಗಿ 100, 10 ಮತ್ತು 1 ಮೀಟರ್. ಇವು ಅಂದಾಜಿನ ಅಂಕಿಗಳು. ಗೋಡೆಗಳಿರುವ ಮನೆಗೆ ಹಾಗೆಯೇ ಅನ್ವಯಿಸುವುದಿಲ್ಲ.

ಒಂದನೆಯ ವರ್ಗದ ಶಕ್ತಿ ಎರಡನೆಯದಕ್ಕಿಂತ 40 ಪಟ್ಟು. ಹಾಗಾದರೆ ದೂರವೂ 40 ಪಟ್ಟೇ? ಅಲ್ಲ. ವಿಲೋಮ ವರ್ಗ ನಿಯಮವನ್ನು ನೆನಪಿಸಿಕೊಳ್ಳಿ. ತೆರೆದ ಬಯಲಿನಲ್ಲಿಯೂ ದೂರ ಹೆಚ್ಚುವುದು 40ರ ವರ್ಗಮೂಲದಷ್ಟು, ಅಂದರೆ ಸುಮಾರು 6 ಪಟ್ಟು ಮಾತ್ರ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಒಂದೇ ಕೈಯಿಂದ ಚಪ್ಪಾಳೆಯಾಗದು. ಕಂಪ್ಯೂಟರ್ ಕಳಿಸಿದ ಪ್ರತಿಯೊಂದು ತುಣುಕಿಗೂ ಹೆಡ್‌ಫೋನು ‘ತಲುಪಿತು’ ಎಂದು ಮರುತ್ತರ ಕೊಡಬೇಕು. ಅಡಾಪ್ಟರ್ ಎಷ್ಟೇ ಗಟ್ಟಿಯಾಗಿ ಕೂಗಲಿ, ಹೆಡ್‌ಫೋನಿನ ಕ್ಷೀಣ ದನಿ ಅದಕ್ಕೆ ಕೇಳಿಸದಿದ್ದರೆ ಸಂಪರ್ಕ ಕಡಿಯುತ್ತದೆ. ಆದ್ದರಿಂದ ದೂರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಇಬ್ಬರಲ್ಲಿ ದುರ್ಬಲನಾದವನೇ.

ಪೆಟ್ಟಿಗೆಯ ಮೇಲಿನ ‘5.0’ ಎಂಬ ಅಂಕಿಗೂ ಮರುಳಾಗಬೇಡಿ. 2016ರಲ್ಲಿ ಬಂದ ಈ ಆವೃತ್ತಿಯ ದೂರಗಾಮಿ ವಿಧಾನ ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್‌ಗೆ ಸೇರಿದ್ದು. ಅದು ಎರಡೂ ಉಪಕರಣಗಳಲ್ಲಿ ಇರಬೇಕು. ಸಾಮಾನ್ಯ ಹೆಡ್‌ಫೋನಿನ ಸಂಗೀತ ಹರಿಯುವುದು ಹಳೆಯ ವಿಧಾನದಲ್ಲಿಯೇ.

ಕೊಳ್ಳುವ ಮೊದಲು ಒಂದು ಪ್ರಯೋಗ ಮಾಡಿ. ಕಂಪ್ಯೂಟರ್ ಇರುವ ಜಾಗದಲ್ಲಿ ಮನೆಯವರ ಮೊಬೈಲ್ ಇಟ್ಟು, ಅದಕ್ಕೆ ಹೆಡ್‌ಫೋನನ್ನು ಜೋಡಿಸಿ, ನೀವು ಕೂರುವ ಜಾಗಕ್ಕೆ ನಡೆದು ಹೋಗಿ. ಬಾಗಿಲು ಮುಚ್ಚಿಯೂ ಕೇಳಿ. ಧ್ವನಿ ಕಡಿಯದಿದ್ದರೆ ಸಾಧಾರಣ ಅಡಾಪ್ಟರ್ ಸಾಕಾಗುವ ಸಂಭವ ಹೆಚ್ಚು. ಕಡಿದರೆ ದುಬಾರಿ ಅಡಾಪ್ಟರ್ ಸ್ವಲ್ಪ ನೆರವಾದೀತು. ಪೆಟ್ಟಿಗೆ ಹೇಳುವ 100 ಮೀಟರ್ ಮಾತ್ರ ಸಿಗದು.

ತಂದ ಮೇಲೆ ಅದನ್ನು ಎಲ್ಲಿ ಸಿಕ್ಕಿಸುತ್ತೀರಿ ಎಂಬುದೂ ಮುಖ್ಯ. ಕಂಪ್ಯೂಟರಿನ ಹಿಂಬದಿಯಲ್ಲಿ ಸಿಕ್ಕಿಸಿದರೆ ಅದರ ಲೋಹದ ಪೆಟ್ಟಿಗೆಯೇ ಅಲೆಗಳಿಗೆ ಅಡ್ಡಿ. ಯುಎಸ್‌ಬಿ 3.0 ಉಪಕರಣಗಳು 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ ಸಂಸ್ಥೆ 2012ರಲ್ಲಿಯೇ ತೋರಿಸಿತ್ತು. ಒಂದು ಯುಎಸ್‌ಬಿ ವಿಸ್ತರಣಾ ತಂತಿಯಿಂದ ಅಡಾಪ್ಟರನ್ನು ಮೇಜಿನ ಮೇಲಕ್ಕೆ ತಂದರೆ ಎರಡು ತೊಂದರೆಗಳೂ ಕಡಿಮೆಯಾಗುತ್ತವೆ. ಎಷ್ಟೋ ಸಲ ಹೊಸ ಅಡಾಪ್ಟರಿಗಿಂತ ಈ ತಂತಿಯೇ ಹೆಚ್ಚು ಉಪಕಾರಿ.

ಪೆಟ್ಟಿಗೆಯ ಮೇಲಿನ ಅಂಕಿಯನ್ನು ಓದಿ. ಆದರೆ ನಿಮ್ಮ ಮನೆಯ ಅಳತೆಯನ್ನು ನೀವೇ ತೆಗೆದುಕೊಳ್ಳಿ.