ದ್ರಾಕ್ಷಿಗೆ ಚಳಿ, ಈರುಳ್ಳಿಗೆ ಗಾಳಿ

ಬಳ್ಳಿಯಿಂದ ಕತ್ತರಿಸಿದ ದ್ರಾಕ್ಷಿ ಗೊಂಚಲಿಗೆ ಜೀವ ಇರುತ್ತದೆಯೇ, ಹೋಗಿರುತ್ತದೆಯೇ? ಯೋಚಿಸಿ ಹೇಳಿ.

ಇರುತ್ತದೆ. ಬುಟ್ಟಿಯಲ್ಲಿ ಸುಮ್ಮನೆ ಬಿದ್ದಿದ್ದರೂ ಅದು ಉಸಿರಾಡುತ್ತಲೇ ಇರುತ್ತದೆ. ನಮ್ಮ ಹಾಗೆಯೇ ಆಮ್ಲಜನಕ ಒಳಗೆ ತೆಗೆದುಕೊಂಡು ಇಂಗಾಲದ ಡೈ ಆಕ್ಸೈಡ್ ಹೊರಗೆ ಬಿಡುತ್ತದೆ, ಒಳಗಿನ ಸಕ್ಕರೆಯನ್ನು ಖರ್ಚು ಮಾಡುತ್ತದೆ, ಒಂದಿಷ್ಟು ಬಿಸಿಯನ್ನೂ ಹುಟ್ಟಿಸುತ್ತದೆ. ಆದರೆ ಎಲೆಯಿಂದ ಸಕ್ಕರೆ ಬರುವುದು, ಬೇರಿನಿಂದ ನೀರು ಬರುವುದು ಎರಡೂ ನಿಂತುಹೋಗಿವೆ. ಇನ್ನೇನಿದ್ದರೂ ಕಟ್ಟಿಕೊಂಡು ಬಂದ ಬುತ್ತಿಯಲ್ಲೇ ದಿನ ತಳ್ಳಬೇಕು. ಬುತ್ತಿ ಬೇಗ ಮುಗಿದರೆ ತೊಟ್ಟು ಒಣಗುತ್ತದೆ, ಹಣ್ಣು ಸುಕ್ಕಾಗುತ್ತದೆ, ಬೂಷ್ಟು ಹತ್ತುತ್ತದೆ.

ಬುತ್ತಿ ಬೇಗ ಮುಗಿಯದಂತೆ ಮಾಡುವ ಉಪಾಯ ಒಂದೇ: ಉಸಿರಾಟ ನಿಧಾನ ಮಾಡುವುದು. ಉಷ್ಣತೆ 10 ಡಿಗ್ರಿ ಇಳಿದರೆ ಹಣ್ಣಿನ ಉಸಿರಾಟ ಸುಮಾರಾಗಿ ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಯುತ್ತದೆ. ಹಣ್ಣನ್ನು ಹಡಗಿನಲ್ಲಿ ದೂರದ ದೇಶಕ್ಕೆ ಕಳಿಸುವ ವಿದ್ಯೆಯೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆ.

ಸ್ಕಂದಗಿರಿ, ನಂದಿ ಬೆಟ್ಟಗಳ ತಪ್ಪಲಿನ ದ್ರಾಕ್ಷಿ ತೋಟಗಳನ್ನು ನೀವು ನೋಡಿಯೇ ಇರುತ್ತೀರಿ. ಇಲ್ಲಿ ಹೆಸರಾದದ್ದು ಕಪ್ಪು-ನೀಲಿ ಬಣ್ಣದ, ಬೀಜವಿರುವ ಬೆಂಗಳೂರು ನೀಲಿ ದ್ರಾಕ್ಷಿ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿತು. ಅದು ಹೆಚ್ಚಾಗಿ ನಮ್ಮ ಸಂತೆಗಳಿಗೆ, ಜ್ಯೂಸಿಗೆ, ವೈನಿಗೆ ಹೋಗುತ್ತದೆ. ನಮ್ಮ ದೇಶದಿಂದ ಕಡಲು ದಾಟುವುದು ಬಹುಪಾಲು ಬೀಜರಹಿತ ದ್ರಾಕ್ಷಿ. ಅದರಲ್ಲಿ ಮಹಾರಾಷ್ಟ್ರದ ನಾಸಿಕ್ ಕಡೆಯದೇ ಹೆಚ್ಚು. ಅದು ಮುಂಬಯಿ ಪಕ್ಕದ ನ್ಹಾವಾ ಶೇವಾ ಬಂದರಿನಿಂದ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ತಲುಪಲು ಮೂರು ನಾಲ್ಕು ವಾರವಾದರೂ ಬೇಕು. ಅಷ್ಟು ದಿನ ದ್ರಾಕ್ಷಿ ತಾಳಬೇಕಲ್ಲ!

ಅದಕ್ಕೇ ಗೊಂಚಲುಗಳನ್ನು ಬಿಸಿಲೇರುವ ಮುಂಚೆ ಕೊಯ್ದು ಪ್ಯಾಕ್‌ಹೌಸಿಗೆ ತರುತ್ತಾರೆ. ಡಬ್ಬಿಗೆ ತುಂಬಿದ ಮೇಲೆ ಒಂದು ಕೋಣೆಯಲ್ಲಿಟ್ಟು, ಡಬ್ಬಿಗಳ ತೂತುಗಳ ಮೂಲಕ ತಣ್ಣನೆ ಗಾಳಿಯನ್ನು ಜೋರಾಗಿ ಎಳೆದು, ಹಣ್ಣಿನೊಳಗೆ ಉಳಿದ ಹೊಲದ ಬಿಸಿಯನ್ನು ಕೆಲವೇ ಗಂಟೆಗಳಲ್ಲಿ ಹೊರಹಾಕುತ್ತಾರೆ. ಇದಕ್ಕೆ ಪ್ರೀಕೂಲಿಂಗ್ ಎನ್ನುತ್ತಾರೆ. ನನ್ನನ್ನು ಕೇಳಿದರೆ ಇಡೀ ಪಯಣದಲ್ಲಿ ದೊಡ್ಡ ಕೆಲಸ ನಡೆಯುವುದು ಇಲ್ಲೇ, ಹಡಗಿನಲ್ಲಲ್ಲ. ಆಮೇಲೆ ದ್ರಾಕ್ಷಿಯನ್ನು 0 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ನೀರು 0 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ದ್ರಾಕ್ಷಿ ಯಾಕೆ ಗಟ್ಟಿಯಾಗುವುದಿಲ್ಲ? ಅದರ ರಸದಲ್ಲಿ ಸಕ್ಕರೆ ಕರಗಿದೆಯಲ್ಲ, ಹಾಗಾಗಿ ಇನ್ನೂ ಒಂದೆರಡು ಡಿಗ್ರಿ ಕೆಳಗೆ ಹೋದರೇನೇ ಅದು ಹೆಪ್ಪುಗಟ್ಟುವುದು. ಪ್ರತಿ ಡಬ್ಬಿಯಲ್ಲಿ ಒಂದು ಹಾಳೆಯನ್ನೂ ಇಟ್ಟಿರುತ್ತಾರೆ. ತೇವ ತಾಗಿದಾಗ ಅದರಿಂದ ಗಂಧಕದ ಡೈ ಆಕ್ಸೈಡ್ ಸ್ವಲ್ಪ ಸ್ವಲ್ಪವೇ ಹೊರಬಂದು ಬೂಷ್ಟನ್ನು ತಡೆಯುತ್ತದೆ.

ಇನ್ನು ಡಬ್ಬಿಗಳನ್ನು ಹೊರುವ ಕಂಟೇನರ್. ಇದರ ಹೆಸರು ರೀಫರ್. 40 ಅಡಿ ಉದ್ದ, ಬಿಸಿಲನ್ನು ಹಿಂದಕ್ಕೆ ತಳ್ಳುವ ಬಿಳಿ ಬಣ್ಣ, ಗೋಡೆಯೊಳಗೆ ದಪ್ಪನೆಯ ಫೋಮ್. ಒಳಗೆ ಬಗ್ಗಿ ನೋಡಿದರೆ ನೆಲ ಸಪಾಟಾಗಿರುವುದಿಲ್ಲ, ಉದ್ದಕ್ಕೂ ಅಲ್ಯೂಮಿನಿಯಂ ಪಟ್ಟಿಗಳು, ನಡುವೆ ಕಾಲುವೆಗಳು. ಒಂದು ತುದಿಯ ಯಂತ್ರ ಊದುವ ತಣ್ಣನೆ ಗಾಳಿ ಈ ಕಾಲುವೆಗಳಲ್ಲಿ ಹರಿದು, ಡಬ್ಬಿಗಳ ನಡುವೆ ಮೇಲೇರಿ, ಚಾವಣಿಯ ಕೆಳಗಿಂದ ವಾಪಸು ಯಂತ್ರಕ್ಕೆ ಬರುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಒಂದು ಕೆಂಪು ಗೆರೆ ಇದೆ. ಅದರ ಮೇಲೆ ಸರಕು ಪೇರಿಸುವಂತಿಲ್ಲ. ಪೇರಿಸಿದರೆ ಗಾಳಿ ವಾಪಸು ಬರುವ ದಾರಿಯೇ ಕಟ್ಟಿಹೋಗುತ್ತದೆ. ನೆನಪಿಡಿ, ಈ ಪೆಟ್ಟಿಗೆ ಮೊದಲೇ ತಣ್ಣಗಾದ ಹಣ್ಣನ್ನು ತಣ್ಣಗೆ ಕಾಯುತ್ತದೆ, ಅಷ್ಟೆ. ಬಿಸಿ ಹಣ್ಣನ್ನು ತಂದು ತುರುಕಿದರೆ ಬೇಗ ತಣ್ಣಗೆ ಮಾಡುವ ಶಕ್ತಿ ಅದಕ್ಕಿಲ್ಲ.

ಗಾಳಿ ಓಡಾಡುವುದು ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ಹಳೆಯ ಕತೆ ಇದೆ. 1882ರ ಫೆಬ್ರವರಿಯಲ್ಲಿ ಡನೀಡಿನ್ ಎಂಬ ಹಾಯಿಹಡಗು ಸುಮಾರು 5000 ಕುರಿಗಳ ಮಾಂಸವನ್ನು ಹೆಪ್ಪುಗಟ್ಟಿಸಿಕೊಂಡು ನ್ಯೂಜಿಲೆಂಡಿನಿಂದ ಲಂಡನ್ನಿಗೆ ಹೊರಟಿತು. ದಾರಿಯಲ್ಲಿ ಸೆಕೆಯ ಪ್ರದೇಶ ಬಂದಾಗ ಒಳಗೆ ತಣ್ಣನೆ ಗಾಳಿ ಸರಿಯಾಗಿ ಹರಡುತ್ತಿಲ್ಲ ಎಂದು ತಿಳಿಯಿತು. ಕ್ಯಾಪ್ಟನ್ ವಿಟ್ಸನ್ ತಾವೇ ಗಾಳಿಯ ಕೊಳವೆಯೊಳಗೆ ತೆವಳಿ ಹೋಗಿ ಹೊಸ ತೂತುಗಳನ್ನು ಕೊರೆದರು. ಆ ಚಳಿಗೆ ಅಲ್ಲೇ ಮರಗಟ್ಟಿಹೋಗುವುದರಲ್ಲಿದ್ದರು, ಜೊತೆಯವರು ಹಗ್ಗ ಕಟ್ಟಿ ಎಳೆದು ಬದುಕಿಸಿದರು. 98 ದಿನಗಳ ಆ ಪಯಣದ ಕೊನೆಗೆ ಕೆಟ್ಟದ್ದು ಒಂದೇ ಒಂದು ಕುರಿಯ ಮಾಂಸ.

ಆ ಹಡಗಿನ ಯಂತ್ರ ಚಳಿ ಹುಟ್ಟಿಸುತ್ತಿದ್ದದ್ದು ಬರೀ ಗಾಳಿಯಿಂದ! ಗಾಳಿಯನ್ನು ಒತ್ತಿ, ಒತ್ತಿದಾಗ ಬಂದ ಬಿಸಿಯನ್ನು ತೆಗೆದು, ಆಮೇಲೆ ಒಮ್ಮೆಲೇ ಹಿಗ್ಗಲು ಬಿಡುತ್ತಿದ್ದರು. ಹಿಗ್ಗಿದ ಗಾಳಿ ಗಡಗಡ ನಡುಗಿಸುವಷ್ಟು ತಣ್ಣಗಾಗುತ್ತಿತ್ತು. ಸ್ಕಂದಗಿರಿಯ ನೆತ್ತಿ ಚಿಕ್ಕಬಳ್ಳಾಪುರ ಊರಿಗಿಂತ ತಂಪಾಗಿರುವುದರ ಹಿಂದೆಯೂ ಇದೇ ನಿಯಮವಿದೆ. ಮೇಲೇರಿದಂತೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ, ತಣ್ಣಗಾಗುತ್ತದೆ. ಸುಮಾರು 500 ಮೀಟರ್ ಏರಿದರೆ 3 ಡಿಗ್ರಿಯಷ್ಟು ಇಳಿಕೆ. ಇವತ್ತಿನ ರೀಫರ್‌ನಲ್ಲಿ ಮಾತ್ರ ನಿಮ್ಮ ಮನೆಯ ಫ್ರಿಜ್ಜಿನ ವಿಧಾನವೇ. ಕೊಳವೆಯೊಳಗಿನ ದ್ರವ ಆವಿಯಾಗುತ್ತಾ ಸುತ್ತಲಿನ ಬಿಸಿಯನ್ನು ಹೀರುತ್ತದೆ, ಹೊರಬದಿಯಲ್ಲಿ ಮತ್ತೆ ದ್ರವವಾಗುತ್ತಾ ಅದನ್ನು ಬಿಟ್ಟುಬಿಡುತ್ತದೆ.

ಎಲ್ಲ ಹಣ್ಣಿಗೂ ಇಷ್ಟು ಚಳಿ ಹಿಡಿಸುವುದಿಲ್ಲ. ಚಿಂತಾಮಣಿ ಕಡೆಯ ಮಾವನ್ನು 0 ಡಿಗ್ರಿಯಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಆಮೇಲೆ ಎಷ್ಟು ಕಾದರೂ ಸರಿಯಾಗಿ ಹಣ್ಣಾಗುವುದಿಲ್ಲ. ಅದಕ್ಕೆ 12-13 ಡಿಗ್ರಿ ಸಾಕು. ಇನ್ನು ನಮ್ಮ ಗುಲಾಬಿ ಈರುಳ್ಳಿಯನ್ನು ನೋಡಿ. ಪುಟ್ಟದು, ಬಣ್ಣ ಕಡು, ಖಾರ ಜೋರು. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುತ್ತದೆ. ನಾವು ತಿನ್ನುವುದು ಕಡಿಮೆ. ಬಹುಪಾಲು ಚೆನ್ನೈ ಬಂದರಿನಿಂದ ಮಲೇಷ್ಯಾ, ಸಿಂಗಪುರದಂಥ ದೇಶಗಳಿಗೆ ಹೋಗುತ್ತದೆ, ಅದೂ ಸುಮಾರು ಒಂದು ವಾರದ ದಾರಿ. ಇದಕ್ಕೆ ಚಳಿಗಿಂತ ಗಾಳಿ ಮುಖ್ಯ. ಬಿಗಿಯಾಗಿ ಮುಚ್ಚಿದರೆ ಅದರದೇ ಉಸಿರಿನ ತೇವ ಒಳಗೆ ಕೂತು ಮೊಳಕೆಯೋ ಕೊಳೆತವೋ ಶುರುವಾಗುತ್ತದೆ. ಹಾಗಾಗಿ ಜಾಲರಿ ಚೀಲ, ಗಾಳಿಯಾಡುವ ಕಂಟೇನರ್.

ಮಂಗಳೂರಿನ ಸಿಗಡಿಯದು ಬೇರೆಯೇ ಲೆಕ್ಕ. ಅದರಲ್ಲಿ ಜೀವ ಇಲ್ಲ, ಉಸಿರಾಟದ ಚಿಂತೆಯೂ ಇಲ್ಲ, ತಡೆಯಬೇಕಾದದ್ದು ಸೂಕ್ಷ್ಮಜೀವಿಗಳನ್ನು. ಅದಕ್ಕೇ ಮೈನಸ್ 18 ಡಿಗ್ರಿ. ಇದನ್ನು ಬೇಗ ಹೆಪ್ಪುಗಟ್ಟಿಸಬೇಕು. ನಿಧಾನವಾದರೆ ದೊಡ್ಡ ದೊಡ್ಡ ಮಂಜಿನ ಹರಳುಗಳು ಬೆಳೆದು ಜೀವಕೋಶಗಳನ್ನು ಹರಿದುಹಾಕುತ್ತವೆ. ಇದನ್ನು ಮನೆಯಲ್ಲೇ ನೋಡಬೇಕೆಂದರೆ ನಾಲ್ಕು ದ್ರಾಕ್ಷಿಯನ್ನು ಫ್ರೀಜರ್‌ನಲ್ಲಿಟ್ಟು ಮರುದಿನ ಹೊರಗೆ ತೆಗೆದು ಕರಗಲು ಬಿಡಿ. ಕರಗಿದ ಹಣ್ಣನ್ನು ಮೆಲ್ಲಗೆ ಒತ್ತಿದರೆ ಪಿತಕ್ಕೆಂದು ನೀರು ಬರುತ್ತದೆ, ಮೊದಲಿನ ಗಟ್ಟಿತನ ಎಲ್ಲೂ ಇರುವುದಿಲ್ಲ.

ಲಾರಿಯಲ್ಲಿ ಹೋಗುವಾಗ ರೀಫರ್‌ಗೆ ಜನರೇಟರ್‌ನಿಂದ ಕರೆಂಟು, ಬಂದರಿನಲ್ಲಿ ಮತ್ತು ಹಡಗಿನಲ್ಲಿ ಪ್ಲಗ್ಗು. ನಡುವೆ ಎಲ್ಲಾದರೂ ಒಂದೆರಡು ಗಂಟೆ ತಪ್ಪಿದರೆ? ಡಬ್ಬಿಗಳ ನಡುವೆ ಅಂಗೈಯಗಲದ ಒಂದು ಸಾಧನ ಕುಳಿತು ಉಷ್ಣತೆಯನ್ನು ಬರೆದಿಡುತ್ತಲೇ ಇರುತ್ತದೆ. ಅದನ್ನು ಲಾಗರ್ ಎನ್ನುತ್ತಾರೆ. ರಾಟರ್‌ಡ್ಯಾಮ್‌ನಲ್ಲಿ ಬಾಗಿಲು ತೆರೆದವರು ಹಣ್ಣಿನ ಜೊತೆಗೆ ಲಾಗರ್ ಬರೆದ ಉಷ್ಣತೆಯ ಗೆರೆಯನ್ನೂ ನೋಡುತ್ತಾರೆ. ಡೀಸೆಲ್ ಉಳಿಸಲು ಯಾರೋ ಯಾವುದೋ ಢಾಬಾದ ಮುಂದೆ ಜನರೇಟರ್ ಆರಿಸಿದ್ದರೆ, ಅದು ಯಾವ ದಿನ, ಎಷ್ಟು ಗಂಟೆಗೆ ಎಂಬುದು ಆ ಗೆರೆಯಲ್ಲಿ ಸಿಕ್ಕಿಬೀಳುತ್ತದೆ.