ಹಿತ್ತಲ ದೂರದರ್ಶಕದ ತಾಳೆ ಲೆಕ್ಕ



ಈ ಸಲದ ಆಶಯ ಭಾಷಣ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಮಾಡುವುದು ಎಂದು ಗೊತ್ತಾದ ಕೂಡಲೇ ಇಬ್ಬರು ಸ್ನೇಹಿತರು ಫೋನ್ ಮಾಡಿ, ಊರಿನ ಸೈಟ್ ಮಾರಿದರೆ ಇಲ್ಲಿ ತೆರಿಗೆ ಎಷ್ಟು ಬೀಳುತ್ತದೆ ಎಂದು ಕೇಳಿದರು. ಅದಕ್ಕೆ ಊಟದ ಹೊತ್ತಿಗೆ ಉತ್ತರ ಕೊಡುತ್ತೇನೆ. ಸಂಘಟಕರು ನನ್ನಿಂದ ಬಯಸಿದ್ದು ಬೇರೆ ವಿಷಯ. ಉಪ್ಸಾಲಾದ ಹೊರವಲಯದ ನಮ್ಮ ಮನೆಯ ಹಿತ್ತಲಲ್ಲಿ ಕಾಂಕ್ರೀಟ್ ಕಂಬದ ಮೇಲೆ ಕಾಯಂ ಆಗಿ ಕೂತಿರುವ ಕಂಪ್ಯೂಟರ್ ಚಾಲಿತ ದೂರದರ್ಶಕ ಒಂದಿದೆ. ಅದನ್ನು ಆಕಾಶಕ್ಕೆ ಹೊಂದಿಸುವುದು ಹೇಗೆ, ಹೊಂದಿಸಿದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಇವತ್ತಿನ ಮಾತು.

ಕಾಯಂ ಯಾಕೆ ಎಂಬುದು ಮೊದಲ ಪ್ರಶ್ನೆ. ಈ ದೇಶದಲ್ಲಿ ರಾತ್ರಿ ಎಂಬುದು ಋತುಮಾನದ ಸರಕು. ಉಪ್ಸಾಲಾ ಇರುವುದು ಸುಮಾರು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದರೆ ಮಾತ್ರ ಖಗೋಳದವರು ಅದನ್ನು ಪೂರ್ಣ ಕತ್ತಲೆ ಎನ್ನುತ್ತಾರೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಇಲ್ಲಿ ಅಂಥ ಕತ್ತಲೆ ಆಗುವುದೇ ಇಲ್ಲ. ಮೇ 2ಕ್ಕೆ ಎಲ್ಲರ ತೆರಿಗೆ ಘೋಷಣೆ ಸಲ್ಲಿಸಿ ನಾನು ಪೆನ್ನು ಕೆಳಗಿಡುವ ಹೊತ್ತಿಗೆ ರಾತ್ರಿಗಳೂ ಮುಗಿದಿರುತ್ತವೆ. ಉಳಿದ ತಿಂಗಳುಗಳಲ್ಲಿ ನವೆಂಬರಿನ ಮೋಡ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಮೋಡ ಸರಿದ ರಾತ್ರಿ ಮೈನಸ್ ಹದಿನೈದು. ಆ ಚಳಿಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಹೊತ್ತು ತಂದು, ಹಿಮ ಕೆರೆದು, ಮಟ್ಟ ನೋಡಿ, ಧ್ರುವನಿಗೆ ಹೊಂದಿಸಿ, ಯಂತ್ರಕ್ಕೆ ಮೂರು ನಕ್ಷತ್ರ ಪರಿಚಯಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ.

ನನಗೆ ಆ ಮುಕ್ಕಾಲು ಗಂಟೆ ಬಹಳ ದುಬಾರಿ. ನನ್ನ ತಂದೆ ತುಮಕೂರಿನಲ್ಲಿದ್ದಾರೆ, ಸರ್ವೇಯರ್ ಆಗಿ ನಿವೃತ್ತರಾದವರು. ಮಂಡಿ ನೋವು ಹೆಚ್ಚಾಗಿ ವಿಮಾನ ಪ್ರಯಾಣ ನಿಂತುಹೋಗಿದೆ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ಐದಕ್ಕೆ ಕತ್ತಲೆ. ಅಲ್ಲಿ ಆಗ ರಾತ್ರಿ ಒಂಬತ್ತೂವರೆ. ಹತ್ತೂಕಾಲಿಗೆ ಅವರು ಮಲಗುತ್ತಾರೆ. ದೂರದರ್ಶಕದ ಕ್ಯಾಮೆರಾ ಕಂಡದ್ದನ್ನು ಅವರ ಲ್ಯಾಪ್‌ಟಾಪಿಗೆ ಕಳಿಸುತ್ತೇನೆ, ಮುಂದೆ ಯಾವುದನ್ನು ನೋಡೋಣ ಎಂದು ಅವರು ಹೇಳುತ್ತಾರೆ. ನಮ್ಮಿಬ್ಬರಿಗೆ ಸಿಗುವುದು ಅಷ್ಟೇ ಹೊತ್ತು, ಅದೂ ಮೋಡವಿಲ್ಲದ ದಿನ. ಹೊಂದಿಸುವುದಕ್ಕೇ ಅಷ್ಟು ಹೊತ್ತು ಹಿಡಿದರೆ ಅವರಿಗೆ ಕಾಣುವುದು ಟೋಪಿಯೊಳಗೆ ಗೊಣಗುತ್ತಿರುವ ನನ್ನ ಮುಖ ಮಾತ್ರ. ದೂರದಿಂದ ದೂರದರ್ಶಕ ನಡೆಸುವುದು ನಮ್ಮ ನಾಡಿಗೆ ಹೊಸದೇನಲ್ಲ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ನಮ್ಮದು ಅದರ ಮನೆಬಳಕೆಯ ಆವೃತ್ತಿ ಅಂದುಕೊಳ್ಳಿ.

ಕಾಂಕ್ರೀಟ್ ಎಂದ ಕೂಡಲೇ ಮನೆಯಲ್ಲಿ ಚರ್ಚೆ ಶುರುವಾಯಿತು. ಇಲ್ಲಿ ಕೂತಿರುವ ಎಷ್ಟೋ ಮನೆಗಳಲ್ಲಿ ನಡೆಯುವ ಚರ್ಚೆಯೇ ಅದು. ‘ಇನ್ನೆರಡು ವರ್ಷ, ಆಮೇಲೆ ಊರಿಗೆ’ ಎಂದು ನಾವು ಹೇಳತೊಡಗಿ ಹದಿಮೂರು ವರ್ಷವಾಗಿದೆ. ಎರಡು ವರ್ಷದಲ್ಲಿ ಹೊರಡುವವರು ಹಿತ್ತಲಲ್ಲಿ ಒಂದೂವರೆ ಮೀಟರ್ ಆಳ ಅಗೆಸುತ್ತಾರೆಯೇ? ಫೋನಿನಲ್ಲಿ ತಂದೆಗೆ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೆಳಗೆ ಬಂಡೆ ಸಿಗ್ತದಾ, ಬರೀ ಮಣ್ಣಾ?’ ಎಂದರು. ಯಾವಾಗ ಬರ್ತೀರಿ ಎಂಬ ಪ್ರಶ್ನೆಯನ್ನು ಆಮೇಲೆ ಅವರು ಕೇಳಿಲ್ಲ.

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಲಾಲ್‌ಬಾಗಿನಂಥ ಬಂಡೆ ಹಿತ್ತಲಲ್ಲಿದ್ದರೆ ಅದಕ್ಕೇ ಬೋಲ್ಟ್ ಹೊಡೆದು ಮುಗಿಸಬಹುದು. ಸ್ವೀಡನ್ನಿನಲ್ಲೂ ಅಂಥ ಬಂಡೆ ತಲೆ ಎತ್ತಿದ ಅಂಗಳಗಳು ಬೇಕಾದಷ್ಟಿವೆ. ನಮ್ಮದು ಜೇಡಿ ಮಣ್ಣು. ಜೇಡಿಯಲ್ಲಿ ನೀರು ನಿಲ್ಲುತ್ತದೆ. ಚಳಿಗಾಲದಲ್ಲಿ ಮೇಲಿನಿಂದ ಹೆಪ್ಪುಗಟ್ಟುತ್ತಾ ಬಂದಂತೆ ಕೆಳಗಿನ ನೀರು ಆ ಗಡಿಯತ್ತ ಸೆಳೆದುಕೊಂಡು ಬಂದು ಮಂಜಿನ ಪದರಗಳಾಗುತ್ತದೆ, ನೆಲ ಉಬ್ಬುತ್ತದೆ. ಹೆಪ್ಪುಗಟ್ಟಿದ ಈ ನೆಲಕ್ಕೆ ಇಲ್ಲಿನವರು ‘ಶೇಲೆ’ ಎನ್ನುತ್ತಾರೆ; ವಸಂತದಲ್ಲಿ ರಸ್ತೆಗಳು ಉಬ್ಬಿ ಬಿರಿಯುವುದು ಅದರಿಂದಲೇ. ಹಾಗಾಗಿ ಕಂಬದ ಬುಡ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿರಬೇಕು, ನಮ್ಮ ಕಡೆ ಅದು ಒಂದು ಮೀಟರಿಗಿಂತ ಹೆಚ್ಚು. ಬುಡದ ಕೆಳಗೆ ನೀರು ಹರಿದುಹೋಗುವ ಜಲ್ಲಿ ಬೇಕು. ತಂದೆ ಥಿಯೊಡೊಲೈಟ್ ಕಂಬಗಳ ಅನುಭವದಿಂದ ಇನ್ನೊಂದು ಸೇರಿಸಿದರು: ಶೆಡ್ಡಿನ ನೆಲಹಾಸು ಕಂಬಕ್ಕೆ ಎಲ್ಲೂ ತಾಗಬಾರದು, ತಾಗಿದರೆ ನೀವು ಹೆಜ್ಜೆ ಹಾಕಿದಾಗಲೆಲ್ಲ ನಕ್ಷತ್ರ ಕುಣಿಯುತ್ತದೆ.

ಶೆಡ್ಡಿನ ಬಗ್ಗೆ ಒಂದು ಮಾತು. ಇಲ್ಲಿ ಕಟ್ಟಡ ಪರವಾನಗಿ ಇಲ್ಲದೆ ಕಟ್ಟಬಹುದಾದ ಸಣ್ಣ ಗುಡಿಸಲಿಗೆ ‘ಫ್ರಿಗ್ಗೆಬೂಡ್’ ಎನ್ನುತ್ತಾರಲ್ಲ, ಆ ಹೆಸರು ಬಂದದ್ದು 1979ರಲ್ಲಿ ಆ ನಿಯಮ ಬಂದಾಗ ವಸತಿ ಸಚಿವೆಯಾಗಿದ್ದ ಬಿರ್ಗಿಟ್ ಫ್ರಿಗ್ಗೆಬೊ ಅವರಿಂದ. ಒಬ್ಬ ಸಚಿವೆಯ ಹೆಸರು ತೋಟದ ಶೆಡ್ಡಿಗೆ ಅಂಟಿಕೊಳ್ಳುವುದು ನನಗೆ ಈ ದೇಶದ ಬಗ್ಗೆ ಬಹಳ ಇಷ್ಟವಾದ ಸಂಗತಿ.

ನೆಲ ಏಳುವ ಮಾತು ಬಂದಾಗ ಯಾರಾದರೂ ಕೇಳುತ್ತಾರೆ: ಸ್ವೀಡನ್ ಇಡೀ ಮೇಲೇಳುತ್ತಿದೆಯಂತಲ್ಲ? ಹೌದು. ಹಿಮಯುಗದ ಮಂಜಿನ ಭಾರ ಇಳಿದ ಮೇಲೆ ನೆಲ ಇನ್ನೂ ಏಳುತ್ತಲೇ ಇದೆ. ಸ್ಟಾಕ್‌ಹೋಮ್ ಕಡೆ ವರ್ಷಕ್ಕೆ ಸುಮಾರು 5 ಮಿಲಿಮೀಟರ್, ಉತ್ತರದ ಕರಾವಳಿಯಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು. ನಮ್ಮ ಊರಿನ ಆಂಡರ್ಸ್ ಸೆಲ್ಸಿಯಸ್ ಸಮುದ್ರ ಮಟ್ಟ ಬದಲಾಗುವುದನ್ನು ಅಳೆಯಲು 1731ರಲ್ಲಿ ಕರಾವಳಿಯ ಒಂದು ಬಂಡೆಗೆ ಗೆರೆ ಕೊರೆಸಿದ್ದ. ಥರ್ಮಾಮೀಟರಿನ ಅದೇ ಸೆಲ್ಸಿಯಸ್. ವೃತ್ತಿಯಿಂದ ಖಗೋಳದ ಪ್ರಾಧ್ಯಾಪಕ. 1741ರಲ್ಲಿ ಅವನು ಸಜ್ಜುಗೊಳಿಸಿದ ವೀಕ್ಷಣಾಲಯದ ಮನೆ ಉಪ್ಸಾಲಾದ ಅಂಗಡಿ ಬೀದಿಯಲ್ಲಿ ಇವತ್ತಿಗೂ ಬೀದಿಗೆ ಓರೆಯಾಗಿ ನಿಂತಿದೆ. ಆದರೆ ಈ ಏಳುವಿಕೆ ನನ್ನ ಕಂಬವನ್ನು ವಾಲಿಸುತ್ತದೆಯೇ? ಲೆಕ್ಕ ಹಾಕಿ: 500 ಕಿಲೋಮೀಟರ್ ದೂರಕ್ಕೆ 5 ಮಿಲಿಮೀಟರ್ ವ್ಯತ್ಯಾಸ. ಅದು ಒಂದು ವಿಕಲಾದ ಐನೂರರಲ್ಲಿ ಒಂದು ಭಾಗ. ಪಂಚಾಂಗದವರ ಲೆಕ್ಕದಲ್ಲಿ ಡಿಗ್ರಿಗೆ 60 ಕಲಾ, ಕಲಾಗೆ 60 ವಿಕಲಾ. ಇಡೀ ದೇಶ ಏಳುತ್ತಿರುವುದು ನನಗೆ ನಗಣ್ಯ, ಹಿತ್ತಲ ಜೇಡಿ ಮಾತ್ರ ನಗಣ್ಯವಲ್ಲ. ಕಂಬ ಒಂದು ಮೀಟರ್ ಉದ್ದಕ್ಕೆ 0.3 ಮಿಲಿಮೀಟರ್ ವಾಲಿದರೆ ಅಲ್ಲಿಗೆ ಒಂದು ಕಲಾ. ನಮ್ಮ ಲೆಕ್ಕಪರಿಶೋಧನೆಯಲ್ಲಿ ‘ಮೆಟೀರಿಯಾಲಿಟಿ’ ಎನ್ನುತ್ತೇವೆ: ಯಾವ ವ್ಯತ್ಯಾಸಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕು, ಯಾವುದಕ್ಕೆ ಬೇಡ. ದೂರದರ್ಶಕ ಹೊಂದಿಸುವವರಿಗೆ ಬೇಕಾದ ವಿದ್ಯೆ ಮುಖ್ಯವಾಗಿ ಇದೇ.

ಈಗ ಧ್ರುವ. ಯಂತ್ರದ ಒಂದು ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದ್ದರೆ ಒಂದೇ ಮೋಟಾರು ನಿಧಾನವಾಗಿ ತಿರುಗಿ ಇಡೀ ರಾತ್ರಿ ಒಂದು ನಕ್ಷತ್ರವನ್ನು ಹಿಡಿದಿಡುತ್ತದೆ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಎತ್ತರದಲ್ಲಿ, ಈಗ ಬಹುಪಾಲು ಅಪಾರ್ಟ್‌ಮೆಂಟಿನ ಹಿಂದೆ. ಇಲ್ಲಿ 60 ಡಿಗ್ರಿ, ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅಷ್ಟು ಕಡಿದಾದ ಅಕ್ಷದ ತಳದಿಂದ ಕಣ್ಣಿಟ್ಟು ನೋಡಬೇಕೆಂದರೆ ಹಿಮದಲ್ಲಿ ಮಂಡಿಯೂರಬೇಕು. ಧ್ರುವ ನಕ್ಷತ್ರವೂ ನಿಜವಾದ ಧ್ರುವದಲ್ಲಿಲ್ಲ, 0.6 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಆಚೆಗಿದೆ, ಅಂದರೆ ಹುಣ್ಣಿಮೆ ಚಂದ್ರನ ಅಗಲಕ್ಕಿಂತಲೂ ದೂರ. ನೇರ ಅದರ ಮೇಲೆ ಗುರಿ ಇಟ್ಟರೆ ಕಣ್ಣಿನಲ್ಲಿ ನೋಡುವವರಿಗೆ ನಡೆದೀತು, ಕ್ಯಾಮೆರಾಗೆ ನಡೆಯುವುದಿಲ್ಲ.

ನಾನು ಇನ್ನೂ ನೆಚ್ಚಿಕೊಂಡಿರುವುದು ಹಳೆಯ ಡ್ರಿಫ್ಟ್ ವಿಧಾನವನ್ನು. ದಕ್ಷಿಣದಲ್ಲಿ, ಆಕಾಶದ ವಿಷುವದ್ವೃತ್ತದ ಹತ್ತಿರ ಒಂದು ನಕ್ಷತ್ರ ಹಿಡಿದು ಸುಮ್ಮನೆ ನೋಡುತ್ತಿರಿ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ತಿರುಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಆಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ಒಂದು ನಕ್ಷತ್ರ: ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಾಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಧ್ರುವದಲ್ಲಿ ಒಂದು ಕಲಾ ದೋಷವಿದ್ದರೆ ನಕ್ಷತ್ರ ಗಂಟೆಗೆ ಹೆಚ್ಚೆಂದರೆ 16 ವಿಕಲಾ ಜಾರುತ್ತದೆ. ಅಷ್ಟಾದರೆ ನನಗೆ ಸಾಕು, ಐದು ನಿಮಿಷದ ಚಿತ್ರದಲ್ಲಿ ಅದು ಒಂದು ವಿಕಲಾ ಚಿಲ್ಲರೆ. ಈಗ ಕ್ಯಾಮೆರಾ ಚಿತ್ರವನ್ನು ನಕ್ಷತ್ರ ಪಟ್ಟಿಯೊಂದಿಗೆ ಹೋಲಿಸಿ ಎರಡು ನಿಮಿಷದಲ್ಲಿ ಉತ್ತರ ಹೇಳುವ ತಂತ್ರಾಂಶಗಳಿವೆ. ಬಳಸಿ, ನಾನೂ ಬಳಸುತ್ತೇನೆ. ಆದರೆ ವರ್ಷಕ್ಕೊಮ್ಮೆ ಡ್ರಿಫ್ಟ್ ನೋಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಬಂದಿದೆ ಎಂದು ನಗದು ಎಣಿಸುವುದನ್ನು ಬಿಡುತ್ತೇವೆಯೇ?

ಯಂತ್ರದ ಕಂಪ್ಯೂಟರ್ ಕೇಳುವ ಸ್ಥಳ ಮತ್ತು ಸಮಯ ನಮ್ಮ ಭಾಷೆಯಲ್ಲಿ ಆರಂಭದ ಶಿಲ್ಕು. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಗಡಿಯಾರ ಒಂದು ನಿಮಿಷ ತಪ್ಪಿದ್ದರೆ ಗುರಿ 15 ಕಲಾ ತಪ್ಪುತ್ತದೆ, ಅಂದರೆ ಅರ್ಧ ಚಂದ್ರ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ತಿರುಗಿಸುತ್ತಾರಲ್ಲ, ಅದು ಯಂತ್ರಕ್ಕೆ ತಿಳಿಯದಿದ್ದರೆ ತಪ್ಪು 15 ಡಿಗ್ರಿ. ಕಾಯಂ ಯಂತ್ರದಲ್ಲಿ ವಿಶ್ವಮಾನ ಸಮಯವನ್ನೇ ಇಟ್ಟು ಮರೆತುಬಿಡುವುದು ಒಳ್ಳೆಯದು.

ಇನ್ನೊಂದು ಗೊಂದಲ ಅಯನ ಚಲನೆಯದ್ದು. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ಕಾಯಂ ಕಂಬವನ್ನು ಆಗಾಗ ಧ್ರುವಕ್ಕೆ ಮರುಹೊಂದಿಸಬೇಕು ಎಂದು ಕೆಲವರು ನಂಬಿದ್ದಾರೆ. ಬೇಕಿಲ್ಲ. ಕಂಬ ಭೂಮಿಗೆ ಅಂಟಿದೆ, ಅಕ್ಷ ಓಲಾಡಿದರೆ ಕಂಬವನ್ನೂ ಕರೆದುಕೊಂಡೇ ಓಲಾಡುತ್ತದೆ. ಬದಲಾಗುವುದು ನಕ್ಷತ್ರಗಳ ವಿಳಾಸ, ವರ್ಷಕ್ಕೆ ಸುಮಾರು 50 ವಿಕಲಾ. ಉತ್ತರಾಯಣ ನಿಜವಾಗಿ ಶುರುವಾಗುವುದು ಡಿಸೆಂಬರ್ 21ರ ಸುಮಾರಿಗೆ. ನಾವು ಎಳ್ಳುಬೆಲ್ಲ ಬೀರುವುದು ಜನವರಿ 14ರ ಆಸುಪಾಸು. ಆ ಅಂತರ ಇದೇ ಚಲನೆ ನೂರಾರು ವರ್ಷ ಕೂಡಿಟ್ಟ ಬಾಕಿ. ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿ ಗಂಗಾಧರೇಶ್ವರನ ಲಿಂಗದ ಮೇಲೆ ಬಿಸಿಲು ಬೀಳುವಂತೆ ಹೊಂದಿಸಿದವರೂ ಒಂದು ರೀತಿಯಲ್ಲಿ ಕಾಯಂ ಕಂಬ ನೆಟ್ಟವರೇ. ಅಯನಾಂತದಿಂದ ಹಿಂದಕ್ಕೆ ಅಷ್ಟೇ ದಿನ ಎಣಿಸಿದರೆ, ನವೆಂಬರ್ ಕೊನೆಯ ವಾರದಲ್ಲೂ ಸೂರ್ಯ ಅದೇ ದಾರಿಯಲ್ಲಿ ಮುಳುಗುತ್ತಾನೆ. ಹಿತ್ತಲಿನಲ್ಲಿ ಇದರ ಪರಿಣಾಮ ಇಷ್ಟು: ನಕ್ಷತ್ರಪಟ್ಟಿ 2000ನೇ ಇಸವಿಯ ವಿಳಾಸ ಕಳಿಸಿ, ಯಂತ್ರ ಅದನ್ನು ಇವತ್ತಿನದೆಂದು ಓದಿಕೊಂಡರೆ ಗುರಿ 20 ಕಲಾಕ್ಕೂ ಹೆಚ್ಚು ತಪ್ಪಬಹುದು. ಕ್ರೋನಾ ಖಾತೆಯನ್ನು ರೂಪಾಯಿ ಎಂದು ಓದಿದ ಹಾಗೆ. ಸೆಟ್ಟಿಂಗಿನಲ್ಲಿ ಒಂದು ಟಿಕ್ ಹಾಕಿದರೆ ಮುಗಿಯಿತು, ಆದರೆ ಆ ಟಿಕ್ ಹುಡುಕಿಕೊಂಡು ಜನ ತಿಂಗಳುಗಟ್ಟಲೆ ಸ್ಕ್ರೂ ತಿರುಗಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗುರಿಯ ಮಾದರಿ. ಆಕಾಶದ ಉದ್ದಗಲಕ್ಕೂ ಮೂವತ್ತು ನಲವತ್ತು ನಕ್ಷತ್ರಗಳಿಗೆ ಗುರಿ ಇಟ್ಟು, ಪ್ರತಿಯೊಂದಕ್ಕೂ ಎಷ್ಟು ತಪ್ಪಿತು ಎಂದು ದಾಖಲಿಸಿ, ಆ ತಪ್ಪುಗಳಿಂದ ಯಂತ್ರದ ಸ್ವಭಾವ ಕಂಡುಕೊಳ್ಳುವ ಗಣಿತ ಇದು: ಕೊಳವೆ ಅಕ್ಷಕ್ಕೆ ಲಂಬವಾಗಿಲ್ಲದಿರುವುದು, ಭಾರಕ್ಕೆ ಬಾಗುವುದು, ಧ್ರುವ ದೋಷ. ಮೊದಲು ದೊಡ್ಡ ವೀಕ್ಷಣಾಲಯಗಳಲ್ಲಿ ಬೆಳೆದ ವಿದ್ಯೆ, ಈಗ ಹಿತ್ತಲಿಗೂ ಬಂದಿದೆ. ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಕಂಬ ವಾಲಿದ್ದರೂ, ಬೋಲ್ಟ್ ಸಡಿಲವಿದ್ದರೂ ಮಾದರಿ ಎಲ್ಲವನ್ನೂ ನುಂಗಿಕೊಂಡು ನಕ್ಷತ್ರವನ್ನು ಮಧ್ಯಕ್ಕೆ ತಂದು ನಿಲ್ಲಿಸುತ್ತದೆ, ಮತ್ತೇಕೆ ಸ್ಕ್ರೂ? ನನ್ನ ವೃತ್ತಿಯಲ್ಲಿ ಇದಕ್ಕೆ ಸಸ್ಪೆನ್ಸ್ ಖಾತೆ ಎನ್ನುತ್ತೇವೆ. ತಾಳೆಯಾಗದ್ದನ್ನೆಲ್ಲ ಅದರಲ್ಲಿ ಹಾಕಿದರೆ ಪುಸ್ತಕ ತಾಳೆಯಾಗಿಯೇ ತೀರುತ್ತದೆ. ಆದರೆ ಧ್ರುವ ದೋಷವಿದ್ದರೆ ದೀರ್ಘ ಚಿತ್ರದಲ್ಲಿ ನಕ್ಷತ್ರಗಳು ಮಧ್ಯದ ಸುತ್ತ ತಿರುಗುತ್ತವೆ, ಅದನ್ನು ಯಾವ ಮಾದರಿಯೂ ತಡೆಯದು. ಸಡಿಲ ಬೋಲ್ಟು ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ. ಮೊದಲು ಲೋಹ ಸರಿಮಾಡಿ, ಉಳಿದದ್ದನ್ನು ಮಾತ್ರ ಗಣಿತಕ್ಕೆ ಬಿಡಿ. ಉಳಿದ ತಪ್ಪುಗಳ ಮೊತ್ತವನ್ನು ನೋಡಬೇಡಿ, ಅವುಗಳ ವಿನ್ಯಾಸ ನೋಡಿ. ಪೂರ್ವದಲ್ಲೆಲ್ಲ ಒಂದು ಕಡೆಗೆ, ಪಶ್ಚಿಮದಲ್ಲೆಲ್ಲ ಇನ್ನೊಂದು ಕಡೆಗೆ ತಪ್ಪುತ್ತಿದ್ದರೆ ಅದಕ್ಕೊಂದು ಕಾರಣವಿದೆ. ಚೆಲ್ಲಾಪಿಲ್ಲಿಯಾಗಿದ್ದರೆ ಅಲ್ಲಿಗೆ ನಿಲ್ಲಿಸಿ, ಮನೆಯೊಳಗೆ ಹೋಗಿ ಕಾಫಿ ಕುಡಿಯಿರಿ.

ನನ್ನ ದಾಖಲೆ ಪುಸ್ತಕದಲ್ಲಿ ಮೊದಲ ಚಳಿಗಾಲಕ್ಕೆ ಮುಂಚೆ ಧ್ರುವ ದೋಷ ಒಂದು ಕಲಾ, ಮಾರ್ಚ್ ಕೊನೆಗೆ ಎರಡಕ್ಕಿಂತ ಸ್ವಲ್ಪ ಹೆಚ್ಚು. ಎರಡನೆಯ ಚಳಿಗಾಲದಲ್ಲಿ ಬದಲಾವಣೆ ಅರ್ಧ ಕಲಾದೊಳಗೆ. ಸ್ಕ್ರೀನ್‌ನಲ್ಲಿ ತೋರಿಸಿದಾಗ ತಂದೆ, ‘ಮಣ್ಣು ಕೂತ್ಕೊಂಡಿದೆ’ ಎಂದರು.

ಇಲ್ಲಿಂದ ಸ್ಟಾಕ್‌ಹೋಮಿನತ್ತ ಹೋಗುವ ದಾರಿಯಲ್ಲಿ ಬ್ರೂ ಹತ್ತಿರ ಕ್ವಿಸ್ತಾಬೆರ್ಯ್ ಎಂಬ ಎಸ್ಟೇಟ್ ಇದೆ. ಅಲ್ಲಿ ನಿಲ್ಸ್ ತಮ್ ಎಂಬ ಹವ್ಯಾಸಿ ತನ್ನ ಜಮೀನಿನಲ್ಲೇ ವೀಕ್ಷಣಾಲಯ ಕಟ್ಟಿಕೊಂಡಿದ್ದ. 1940ರ ದಶಕದಲ್ಲಿ ಅದನ್ನು ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಕೊಟ್ಟ. 1963ರಲ್ಲಿ ಅಲ್ಲಿ ಒಂದು ಮೀಟರಿನ ಶ್ಮಿಟ್ ದೂರದರ್ಶಕ ಬಂತು. ನಮ್ಮ ಕಂಬವನ್ನು ಯಾವ ವಿಶ್ವವಿದ್ಯಾಲಯವೂ ಕೇಳುವುದಿಲ್ಲ. ಮನೆ ಮಾರುವ ದಿನ ಬಂದರೆ ಕೊಳ್ಳುವವರು ಅದರ ಮೇಲೆ ಹೂಕುಂಡ ಇಡಬಹುದು. ಮನೆಯಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ.

ಸದ್ಯಕ್ಕೆ ವ್ಯವಸ್ಥೆ ಹೀಗಿದೆ. ನೋಡುವುದು ಮುಗಿದ ಮೇಲೆ ಯಂತ್ರವನ್ನು ಪಾರ್ಕ್ ಸ್ಥಾನಕ್ಕೆ ಕಳಿಸಿಯೇ ವಿದ್ಯುತ್ ತೆಗೆಯುತ್ತೇವೆ. ತೆಗೆದ ಮೇಲೆ ಕೊಳವೆಯನ್ನು ಕೈಯಿಂದ ತಿರುಗಿಸಬಾರದು ಎಂದು ಮಕ್ಕಳಿಗೆ ಬೋರ್ಡ್ ಬರೆದು ಹಾಕಿದ್ದೇವೆ. ಮೂರು ವಾರ ಮೋಡವಿದ್ದರೂ ಪರವಾಗಿಲ್ಲ. ಛಾವಣಿ ಸರಿಸಿ, ಸ್ವಿಚ್ ಹಾಕಿ, ಒಂದು ನಕ್ಷತ್ರದಲ್ಲಿ ತಾಳೆ ನೋಡಿದರೆ ನಾಲ್ಕು ನಿಮಿಷ. ಕಳೆದ ಡಿಸೆಂಬರಿನಲ್ಲಿ ಅಂಥ ಒಂದು ಸಂಜೆ ತಂದೆ ಹಂಸ ನಕ್ಷತ್ರಪುಂಜದ ಆಲ್ಬಿರಿಯೋ ಜೋಡಿಯನ್ನು ಕೇಳಿದರು, ಹೊಂಬಣ್ಣದ ಒಂದು, ನೀಲಿಯ ಒಂದು. ಅದು ಪರದೆಯ ನಡುವೆ ಬಂದು ನಿಂತಾಗ ಅಲ್ಲಿ ಗಂಟೆ ಒಂಬತ್ತು ಮೂವತ್ತಾರು. ಇನ್ನೂ ನಾಲ್ಕು ನೋಡಿದೆವು. ಹತ್ತೂಕಾಲಿಗೆ ಅಮ್ಮ ಬಂದು ಲ್ಯಾಪ್‌ಟಾಪ್ ಮುಚ್ಚಿದರು.

ಮುಂದಿನ ಅಮಾವಾಸ್ಯೆಯ ವಾರಾಂತ್ಯ ಮೋಡವಿಲ್ಲದಿದ್ದರೆ ನಮ್ಮ ಮನೆಗೆ ಬನ್ನಿ. ದಪ್ಪ ಸಾಕ್ಸ್ ಎರಡು ಜೊತೆ ತನ್ನಿ, ಬಿಸಿಬೇಳೆಬಾತ್ ನಮ್ಮದು.